ಪಂಚಾಂಗದ ರಾಜ, ವಿಧಾನಸೌಧದ ರಾಜ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಕಡೆ ಯುಗಾದಿ ಎಂದರೆ ಬೇವು ಬೆಲ್ಲ, ಒಬ್ಬಟ್ಟು, ಹೊನ್ನಾರು. ಹೊನ್ನಾರೆಂದರೆ ಹೊಸ ವರ್ಷದ ಮೊದಲ ಉಳುಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ, ಹೆಸರಿಗೆ ಕೂಡಿಬಂದವರ ಕೈಯಲ್ಲಿ ಮೊದಲ ಸಾಲು ಹೊಡೆಸುತ್ತಾರೆ. ಮಾರನೆಯ ದಿನ ವರ್ಷತೊಡಕು. ಸಂಜೆ ಚಂದ್ರನ ಯಾವ ಕೊಂಬು ಮೇಲಿದೆ ಎಂದು ನೋಡಿ ಮಳೆ ಬೆಳೆಯ ಬಗ್ಗೆ ಹಿರಿಯರು ತಲೆಗೊಂದು ಮಾತು ಹೇಳುತ್ತಾರೆ. ಇವೆರಡರ ನಡುವೆ ದೇವಸ್ಥಾನದ ಜಗುಲಿಯಲ್ಲಿ ಇನ್ನೊಂದು ಕಾರ್ಯಕ್ರಮವುಂಟು. ಅದು ಪಂಚಾಂಗ ಶ್ರವಣ. ಅಲ್ಲಿ ಪ್ರತಿ ವರ್ಷವೂ ಹೊಸ ರಾಜನೊಬ್ಬ ಅಧಿಕಾರ ವಹಿಸಿಕೊಳ್ಳುತ್ತಾನೆ. ಅವನ ಒಂದು ವರ್ಷದ ಆಡಳಿತ ಹೇಗಿರುತ್ತದೆ ಎಂಬುದನ್ನು ಅಂದೇ ಓದಿ ಹೇಳಲಾಗುತ್ತದೆ.

ಈ ರಾಜನ ಆಯ್ಕೆಯ ವಿಧಾನ ಬಹಳ ಸರಳ. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬರುವುದೋ ಆ ವಾರದ ಗ್ರಹ ರಾಜ. ಸೂರ್ಯ ಮೇಷರಾಶಿಗೆ ಕಾಲಿಡುವ ದಿನದ ವಾರಾಧಿಪತಿ ಮಂತ್ರಿ. ಆರ್ದ್ರಾ ಪ್ರವೇಶದ ವಾರದವನು ಮೇಘಾಧಿಪತಿ, ಅಂದರೆ ಮಳೆ ಖಾತೆಯವನು. ಹೀಗೆ ಸೇನೆ, ಸಸ್ಯ, ಧಾನ್ಯ, ರಸ ಎಂದು ಖಾತೆಗಳು ಹಂಚಿಕೆಯಾಗಿ ಒಂಬತ್ತು ಜನರ ಮಂತ್ರಿಮಂಡಲ ಸಿದ್ಧವಾಗುತ್ತದೆ. ಖಾತೆಗಳು ಒಂಬತ್ತು, ವಾರಗಳು ಏಳೇ. ಆದ್ದರಿಂದ ಒಬ್ಬನಿಗೇ ಎರಡು ಮೂರು ಖಾತೆ ಬೀಳುವುದು ಸಾಮಾನ್ಯ. ರಾಹು ಕೇತುಗಳಿಗೆ ತಮ್ಮದೆನ್ನುವ ವಾರವಿಲ್ಲ, ಹೀಗಾಗಿ ಅವರಿಗೆ ಎಂದೂ ಅಧಿಕಾರವಿಲ್ಲ. ಇಲ್ಲಿ ಅವಿಶ್ವಾಸ ಗೊತ್ತುವಳಿ ಇಲ್ಲ, ರಾಜೀನಾಮೆಯೂ ಇಲ್ಲ. ಚಂದ್ರನೋ ಗುರುವೋ ಶುಕ್ರನೋ ರಾಜನಾದರೆ ಸುಭಿಕ್ಷ, ಕುಜನಾದರೆ ಬೆಂಕಿ ಮತ್ತು ಕಲಹದ ಭಯ, ಶನಿಯಾದರೆ ಮಳೆ ಕಡಿಮೆ ಎಂಬುದು ಹಳೆಯ ಫಲಶ್ರುತಿ.

2018ರ ಯುಗಾದಿ ಭಾನುವಾರ ಬಂತು. ರವಿ ರಾಜನಾದ, ಮೇಷ ಸಂಕ್ರಮಣ ಶನಿವಾರ ಬಿದ್ದದ್ದರಿಂದ ಶನಿ ಮಂತ್ರಿಯಾದ. 2019ರ ಏಪ್ರಿಲ್ 6, ವಿಕಾರಿ ಸಂವತ್ಸರದ ಯುಗಾದಿ, ಶನಿವಾರ. ಈಗ ಶನಿ ರಾಜ, ರವಿ ಮಂತ್ರಿ. ತಂದೆ ಮಕ್ಕಳು ಕುರ್ಚಿ ಅದಲು ಬದಲು ಮಾಡಿಕೊಂಡಂತಾಯಿತು. ಪುರಾಣದಲ್ಲಿ ಅವರಿಬ್ಬರಿಗೂ ಅಷ್ಟಕ್ಕಷ್ಟೇ. ಆ ವರ್ಷ ಆರ್ದ್ರಾ ಪ್ರವೇಶವೂ ಶನಿವಾರವೇ ಆದ್ದರಿಂದ ಮೋಡದ ಖಾತೆಯೂ ಶನಿಯ ಪಾಲಿಗೆ ಹೋಯಿತು. ಪಂಚಾಂಗದ ಲೆಕ್ಕಕ್ಕೆ ಇದಕ್ಕಿಂತ ಒಣ ಸರ್ಕಾರ ಇನ್ನೊಂದಿಲ್ಲ. ಆದರೆ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಕಂಡದ್ದು ದೊಡ್ಡ ನೆರೆ. ಕೃಷ್ಣೆ ಮಲಪ್ರಭೆಯರ ದಡದ ಊರುಗಳು ಮುಳುಗಿದವು, ಕೊಡಗಿನಲ್ಲಿ ಗುಡ್ಡ ಕುಸಿಯಿತು, ಕನ್ನಂಬಾಡಿ ಅಣೆಕಟ್ಟೆ ತುಂಬಿತು.

ಆ ನೆರೆ ಬಂದಾಗ ವಿಧಾನಸೌಧದಲ್ಲಿ ಹೊಸ ಮುಖ್ಯಮಂತ್ರಿ ಒಬ್ಬರೇ ಇದ್ದರು, ಮಂತ್ರಿಮಂಡಲ ಇನ್ನೂ ಆಗಿರಲಿಲ್ಲ. ಅವರು ಹುಟ್ಟಿದ್ದು ಶೀಳನೆರೆಯಿದ್ದ ತಾಲ್ಲೂಕಿನಲ್ಲೇ, ಬೂಕನಕೆರೆಯಲ್ಲಿ, 1943ರ ಫೆಬ್ರವರಿ 27ರಂದು. ರಾಜಕೀಯ ಬದುಕು ಕಟ್ಟಿದ್ದು ದೂರದ ಶಿಕಾರಿಪುರದಲ್ಲಾದರೂ ಬಿ.ಎಸ್. ಯಡಿಯೂರಪ್ಪನವರನ್ನು ಈ ಕಡೆಯವರು ತಮ್ಮೂರಿನವರೆಂದೇ ಲೆಕ್ಕ ಹಿಡಿಯುತ್ತಾರೆ. ಹೊಸದಾಗಿ ಪಟ್ಟವೇರಿದವರ ಅವಧಿ ಹೇಗೆ ಸಾಗೀತು ಎಂಬ ಪ್ರಶ್ನೆಗೆ ಅವರಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಅವರು ಪ್ರಮಾಣವಚನ ಸ್ವೀಕರಿಸಿದ್ದು ನಾಲ್ಕು ಬಾರಿ. ನಾಲ್ಕು ಬಾರಿಯೂ ಪಂಚಾಂಗದ ಪುಟ ಬೇರೆ ಬೇರೆಯಾಗಿತ್ತು.

ಮೊದಲನೆಯದು 2007ರ ನವೆಂಬರ್ 12. ದೀಪಾವಳಿ ಆಗಷ್ಟೇ ಮುಗಿದು ಕಾರ್ತಿಕದ ಶುಕ್ಲಪಕ್ಷ ನಡೆಯುತ್ತಿತ್ತು. ಕೆಟ್ಟ ಕಾಲವೆಂದು ಯಾರೂ ಹೇಳುವಂತಿಲ್ಲ. ಸರ್ಕಾರ ನಿಂತದ್ದು ಏಳು ದಿನ. ಎರಡನೆಯದು 2008ರ ಮೇ 30, ವೈಶಾಖದ ಕೃಷ್ಣಪಕ್ಷ, ಬಾಳಿದ್ದು ಮೂರು ವರ್ಷ ಎರಡು ತಿಂಗಳು. ಮೂರನೆಯದು 2018ರ ಮೇ 17. ಅಧಿಕ ಜ್ಯೇಷ್ಠ ಮಾಸ ಆರಂಭವಾಗಿ ಎರಡನೆಯ ದಿನ. ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ ಮಾಡುವುದಿಲ್ಲ. ಮೇ 19ಕ್ಕೆ ರಾಜೀನಾಮೆ. ನಂಬುವವರು ನೋಡಿದಿರಾ ಎಂದರು. ಆದರೆ ಅದೇ ಅಧಿಕ ಮಾಸದಲ್ಲೇ, ಮೇ 23ರಂದು, ಪ್ರಮಾಣವಚನ ತೆಗೆದುಕೊಂಡ ಎಚ್.ಡಿ. ಕುಮಾರಸ್ವಾಮಿಯವರು ಹದಿನಾಲ್ಕು ತಿಂಗಳು ಉಳಿದರು. ನಾಲ್ಕನೆಯದು 2019ರ ಜುಲೈ 26, ಆಷಾಢದ ಶುಕ್ರವಾರ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಜನ ಸಾಲುಗಟ್ಟುವ ದಿನ, ಆದರೆ ಹೊಸ ಕೆಲಸಕ್ಕೆ ಕೈಹಾಕುವ ತಿಂಗಳಲ್ಲ. ಹೊಸ ಸೊಸೆಯನ್ನೇ ತವರಿಗೆ ಕಳಿಸುವ ಕಾಲ. ಆ ಸರ್ಕಾರ ಎರಡು ವರ್ಷ ನಡೆಯಿತು. ಕಾರ್ತಿಕಕ್ಕೆ ಏಳು ದಿನ, ಆಷಾಢಕ್ಕೆ ಎರಡು ವರ್ಷ! ಅತ್ತ 2013ರ ಮೇ 13ರ ಅಕ್ಷಯ ತೃತೀಯದಂದು ಪ್ರಮಾಣವಚನ ಸ್ವೀಕರಿಸಿದ ಸಿದ್ದರಾಮಯ್ಯನವರು ಐದು ವರ್ಷ ಪೂರೈಸಿದರು. ಮೂಢನಂಬಿಕೆಯ ವಿರುದ್ಧ ವೇದಿಕೆ ಸಿಕ್ಕಾಗಲೆಲ್ಲ ಮಾತನಾಡುವವರಿಗೇ ಪಂಚಾಂಗದ ಒಳ್ಳೆಯ ದಿನ ಕೂಡಿಬಂದದ್ದು ವಿಚಿತ್ರ.

ದಿನ ಕೈಕೊಟ್ಟರೆ ಹೆಸರು ಉಂಟಲ್ಲ. 2007ರಲ್ಲಿ ಯಡಿಯೂರಪ್ಪನವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ‘ಐ’ ಹೋಗಿ ಇನ್ನೊಂದು ‘ಡಿ’ ಬಂತು. 2019ರಲ್ಲಿ ‘ಡಿ’ ಹೋಗಿ ‘ಐ’ ಮರಳಿತು. ಸಂಖ್ಯಾಶಾಸ್ತ್ರದವರ ಸಲಹೆ ಎಂದು ಆಗ ಪತ್ರಿಕೆಗಳು ಬರೆದವು. ಕನ್ನಡದಲ್ಲಿ ಮಾತ್ರ ಹೆಸರು ಎರಡೂ ಸಲ ಇದ್ದಂತೆಯೇ ಇತ್ತು. ಬೂಕನಕೆರೆಯಲ್ಲಿ ಯಾರಿಗೂ ವ್ಯತ್ಯಾಸ ತಿಳಿದಿರಲಾರದು.

ಊರಿನ ಶಕುನವೂ ಒಂದಿದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬುದು ದಶಕಗಳ ಮಾತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಪಟ್ಟಿ ಒಪ್ಪಿಸುವವರಿದ್ದಾರೆ. ಪಟ್ಟಿ ಸುಳ್ಳಲ್ಲ, ಇವರೆಲ್ಲ ಕುರ್ಚಿ ಕಳೆದುಕೊಂಡದ್ದು ನಿಜ. ಚಾಮರಾಜನಗರದ ಮುಖ ನೋಡದೆಯೂ ಕುರ್ಚಿ ಕಳೆದುಕೊಂಡವರ ಪಟ್ಟಿಯನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಸಿದ್ದರಾಮಯ್ಯನವರು ತಮ್ಮ ಮೊದಲ ಅವಧಿಯಲ್ಲಿ ಅಲ್ಲಿಗೆ ಹಲವು ಬಾರಿ ಹೋಗಿ ಬಂದರು, ಅವಧಿ ಮುಗಿಸಿದರು. ಶಕುನದ ಮಾತು ಆಗಲೂ ಪೂರ್ತಿ ನಿಲ್ಲಲಿಲ್ಲ.

ಇದು ನಮ್ಮ ನಾಡಿಗೇ ಮೀಸಲಾದ ಚಾಳಿಯೇನಲ್ಲ. ಅಮೆರಿಕದಲ್ಲಿ ಸೊನ್ನೆಯಿಂದ ಕೊನೆಗೊಳ್ಳುವ ವರ್ಷದಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ ಬರುತ್ತದೆ. 1840ರಲ್ಲಿ ಗೆದ್ದ ಹ್ಯಾರಿಸನ್‌ರಿಂದ ಮೊದಲ್ಗೊಂಡು ಲಿಂಕನ್, ಗಾರ್ಫೀಲ್ಡ್, ಮೆಕಿನ್ಲಿ, ಹಾರ್ಡಿಂಗ್, ರೂಸ್‌ವೆಲ್ಟ್, 1960ರ ಕೆನಡಿಯವರೆಗೆ ಹೀಗೆ ಗೆದ್ದ ಏಳೂ ಮಂದಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಏಳಕ್ಕೆ ಏಳು. ಚಾಮರಾಜನಗರದ ಲೆಕ್ಕಕ್ಕಿಂತ ಗಟ್ಟಿಯಾದ ಲೆಕ್ಕವಿದು. 1980ರಲ್ಲಿ ಗೆದ್ದ ರೇಗನ್ ಅವರ ಮೇಲೆ ಮರುವರ್ಷ ಮಾರ್ಚ್ 30ರಂದು ಗುಂಡು ಹಾರಿತು. ಅವರು ಬದುಕಿದರು, ಎಂಟು ವರ್ಷ ಆಳಿ ಮನೆಗೆ ಹೋದರು. ಆ ಗುಂಡಿನ ಬಳಿಕ ಅವರ ಮಡದಿ ಸ್ಯಾನ್‌ಫ್ರಾನ್ಸಿಸ್ಕೋದ ಜ್ಯೋತಿಷಿ ಜೋನ್ ಕ್ವಿಗ್ಲಿ ಎಂಬಾಕೆಯನ್ನು ಕೇಳಿಯೇ ಅಧ್ಯಕ್ಷರ ಕಾರ್ಯಕ್ರಮಗಳ ದಿನ ಗೊತ್ತುಮಾಡಿಸುತ್ತಿದ್ದರೆಂಬುದು 1988ರಲ್ಲಿ ಹೊರಬಿತ್ತು. ಮುಹೂರ್ತ ನೋಡಿಸುವವರು ಶ್ವೇತಭವನದಲ್ಲೂ ಇದ್ದರು.

ಪಕ್ಕದ ಶ್ರೀರಂಗಪಟ್ಟಣದ ಕಥೆ ಇನ್ನೂ ಹಳೆಯದು. ಟಿಪ್ಪು ಸುಲ್ತಾನ್ ತನ್ನದೇ ಕಾಲಗಣನೆ ಹೊರಡಿಸಿದಾಗಲೂ ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನು ಬಿಡಲಿಲ್ಲ, ಹೆಸರುಗಳನ್ನಷ್ಟೇ ಬದಲಿಸಿದ. 1799ರ ಮೇ 4ರ ಬೆಳಿಗ್ಗೆ ಜೋಯಿಸರು ದಿನ ಚೆನ್ನಾಗಿಲ್ಲವೆಂದು ಹೇಳಿದರೆಂದೂ ಅವನು ದಾನಗಳನ್ನು ಕೊಟ್ಟನೆಂದೂ ಆ ಕಾಲದ ಬರಹಗಳು ಹೇಳುತ್ತವೆ. ಅಂದೇ ಕೋಟೆ ಬಿತ್ತು, ಅವನೂ ಬಿದ್ದ. ಜೋಯಿಸರ ಮಾತು ನಿಜವಾಯಿತು ಎನ್ನಬಹುದು. ಆದರೆ ಇಂಗ್ಲಿಷರು ಆ ದಿನವನ್ನು ಆರಿಸಿದ್ದು ಹೇಗೆ? ಕೋಟೆಗೋಡೆಯಲ್ಲಿ ಕಂಡಿ ಬಿದ್ದಿತ್ತು. ಮುಂಗಾರು ಇಳಿದು ಕಾವೇರಿ ತುಂಬುವ ಮೊದಲು ದಾಟಬೇಕಿತ್ತು. ಪಾಳೆಯದಲ್ಲಿ ದವಸ ಮುಗಿಯುತ್ತ ಬಂದಿತ್ತು. ಕಾವಲಿನವರು ಬಿಸಿಲಿಗೆ ಒರಗುವ ಮಧ್ಯಾಹ್ನದ ಹೊತ್ತಿಗೆ ಅವರು ನುಗ್ಗಿದರು. ಅವರೂ ಕಾಲ ನೋಡಿಯೇ ಬಂದವರು, ನೋಡಿದ್ದು ನದಿಯ ನೀರನ್ನು.

ಹೊಸ ಮುಖ್ಯಮಂತ್ರಿಯ ಭವಿಷ್ಯಕ್ಕೂ ಇಂಥ ನೀರಿನ ಅಳತೆ ಇದೆಯೇ? ಮೊದಲು ನೋಡಬೇಕಾದದ್ದು ಹಿಂದಿನವರ ಜಾತಕ. 1956ರ ಏಕೀಕರಣದಿಂದ ಈಚೆಗೆ ಐದು ವರ್ಷ ಸತತವಾಗಿ ಕುರ್ಚಿಯಲ್ಲಿ ಕುಳಿತವರೆಂದು ಸಾಮಾನ್ಯವಾಗಿ ಎಣಿಸುವುದು ಮೂವರನ್ನು: ನಿಜಲಿಂಗಪ್ಪ, ದೇವರಾಜ ಅರಸು, ಸಿದ್ದರಾಮಯ್ಯ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಹತ್ತಿರ ಬಂದರು, ಆದರೆ ಚುನಾವಣೆ ಮುಂದೂಡದೆ ಹಿಂದಕ್ಕೆ ತಂದು ತಾವೇ ಅವಧಿ ಮೊಟಕು ಮಾಡಿಕೊಂಡರು. 1989ರ ವಿಧಾನಸಭೆ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು, 2004ರದು ಮೂವರನ್ನು, 2008ರದು ಮೂವರನ್ನು. ಆದ್ದರಿಂದ ಯಾವ ಗ್ರಹವನ್ನೂ ನೋಡದೆ, ಪ್ರಮಾಣವಚನದ ದಿನವೇ ‘ಇವರು ಅವಧಿ ಪೂರೈಸುವುದಿಲ್ಲ’ ಎಂದು ಹೇಳುವವನ ಮಾತು ಕರ್ನಾಟಕದಲ್ಲಿ ಹೆಚ್ಚು ಸಲ ನಿಜವಾಗುತ್ತದೆ. ಸೋಲುವುದು ಅಪರೂಪ. ಹಾಗೆ ಹೇಳಿ ಹೆಸರು ಮಾಡಿದ ಭವಿಷ್ಯಕಾರರೂ ಇಲ್ಲದಿಲ್ಲ.

ಎರಡನೆಯದು ಶಾಸಕರ ಎಣಿಕೆ. 224ರಲ್ಲಿ 113 ಬೇಕು. 2008ರಲ್ಲಿ ಯಡಿಯೂರಪ್ಪನವರ ಪಕ್ಷಕ್ಕೆ ಬಂದದ್ದು 110, ಪಕ್ಷೇತರರ ಆಸರೆಯಲ್ಲಿ ಆರಂಭ. 2010ರಲ್ಲಿ ಆ ಆಸರೆಯೇ ಅಲುಗಿತು. 2018ರಲ್ಲಿ 104, ಎರಡು ದಿನವೂ ಸಾಲಲಿಲ್ಲ. 2007ರಲ್ಲಂತೂ ಇಪ್ಪತ್ತು ತಿಂಗಳ ಹಂಚಿಕೆಯ ಮಾತು ಮುರಿದು ಮಿತ್ರಪಕ್ಷ ಕೈಯೆತ್ತಲಿಲ್ಲ. ಇಷ್ಟರಮಟ್ಟಿಗೆ ಎಣಿಕೆ ಸರಿ. ಆದರೆ ಎಣಿಕೆಯನ್ನು ಪೂರಾ ನಂಬುವಂತೆಯೂ ಇಲ್ಲ. 1983ರಲ್ಲಿ ಹೆಗಡೆಯವರ ಜನತಾ ಪಕ್ಷಕ್ಕೆ ಇದ್ದದ್ದು 95 ಸ್ಥಾನ. ಬೇರೆಯವರ ಬೆಂಬಲದಲ್ಲಿ ಎರಡು ವರ್ಷ ನಡೆಸಿ 1985ರಲ್ಲಿ 139 ಗೆದ್ದು ಮರಳಿದರು. 1989ರಲ್ಲಿ ವೀರೇಂದ್ರ ಪಾಟೀಲರ ಹಿಂದೆ 178 ಶಾಸಕರಿದ್ದರು. ನವೆಂಬರ್ 30ಕ್ಕೆ ಬಂದವರು ಮರುವರ್ಷದ ಅಕ್ಟೋಬರ್ 10ಕ್ಕೆ ಹೋದರು. ಮಂಡ್ಯದ ರೈತ ನಾಟಿ ಮಾಡಿದ ಕಬ್ಬು ಕಟಾವಿಗೆ ಬರಲು ಹನ್ನೆರಡು ತಿಂಗಳು ಬೇಕು. 178 ಶಾಸಕರ ಸರ್ಕಾರ ಒಂದು ಕಬ್ಬಿನ ಬೆಳೆಯಷ್ಟೂ ಬಾಳಲಿಲ್ಲ. ಬಹುಮತ ದೊಡ್ಡದಾದಾಗ ಸರ್ಕಾರ ಬೀಳುವ ಭಯವಿಲ್ಲ, ಹೀಗಾಗಿ ಮುಖ್ಯಮಂತ್ರಿಯನ್ನು ಬದಲಿಸಲು ದೆಹಲಿಗೆ ಅಂಜಿಕೆಯೂ ಇಲ್ಲ. ಬಹುಮತ ಸಣ್ಣದಾದಾಗ ಒಬ್ಬೊಬ್ಬ ಶಾಸಕನೂ ಒಂದೊಂದು ಗ್ರಹ. 1994ರಲ್ಲಿ ಗೆದ್ದ ದೇವೇಗೌಡರು ಹದಿನೆಂಟು ತಿಂಗಳಲ್ಲಿ ಕುರ್ಚಿ ಬಿಟ್ಟದ್ದು ಮಾತ್ರ ಪ್ರಧಾನಿಯಾಗಲು. ಅದನ್ನು ಯಾವ ಎಣಿಕೆಯೂ ಹೇಳಿರಲಿಲ್ಲ.

ಮೂರನೆಯದು, ಎಲ್ಲೋ ಬೇಯುತ್ತಿರುವ ಕಾಗದಪತ್ರ. 2008ರ ಪ್ರಮಾಣವಚನದ ಹೊತ್ತಿಗೇ ಬಳ್ಳಾರಿ ಅದಿರಿನ ತನಿಖೆ ಲೋಕಾಯುಕ್ತರ ಮೇಜಿನ ಮೇಲಿತ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ ಕೊನೆಗೆ ಬಂತು, ಜುಲೈ 31ರಂದು ರಾಜೀನಾಮೆ.

ಇದೆಲ್ಲ ಬೆಂಗಳೂರಿನ ಪಂಚಾಯಿತಿ ಎಂದು ಹಳ್ಳಿಯವರು ಸುಮ್ಮನಿರುವಂತಿಲ್ಲ. 2018ರಲ್ಲಿ ಸಾಲಮನ್ನಾ ಘೋಷಣೆಯಾದಾಗ ರೈತರು ಸೊಸೈಟಿ ಬಾಗಿಲಲ್ಲಿ ಕೇಳಿದ ಪ್ರಶ್ನೆ ಒಂದೇ: ತಮ್ಮ ಖಾತೆಗೆ ಹಣ ಬರುವವರೆಗೆ ಈ ಸರ್ಕಾರ ಇದ್ದೀತೇ? 1933ರಲ್ಲಿ ಆರಂಭವಾದ ಮಂಡ್ಯದ ಮೈಷುಗರ್ ಕಾರ್ಖಾನೆ ನಿಂತುಹೋದ ವರ್ಷಗಳಲ್ಲೂ ಇದೇ ಮಾತು. ಒಬ್ಬರು ಖಾಸಗಿಗೆ ಎನ್ನುವರು, ಇನ್ನೊಬ್ಬರು ಸರ್ಕಾರವೇ ನಡೆಸಲಿ ಎನ್ನುವರು, ಅಷ್ಟರಲ್ಲಿ ಹೇಳಿದವರೇ ಬದಲಾಗುವರು. ಗಾಣ ಮತ್ತೆ ತಿರುಗಿದ್ದು 2022ರಲ್ಲಿ. ಮುಖ್ಯಮಂತ್ರಿ ಎಷ್ಟು ದಿನ ಎಂಬುದು ಇಲ್ಲಿ ಕಟ್ಟೆಯ ಮೇಲಿನ ಹರಟೆಯಷ್ಟೇ ಅಲ್ಲ, ಅದು ಕಬ್ಬಿನ ಬಾಕಿ, ನಾಲೆಯ ಹೂಳು, ಬ್ಯಾಂಕಿನ ನೋಟಿಸು.

2019ರ ಡಿಸೆಂಬರ್‌ನಲ್ಲಿ ಈ ಭವಿಷ್ಯ ಹೇಳುವ ಕೆಲಸ ಶೀಳನೆರೆಯವರ ಕೈಗೇ ಬಂತು. ಹದಿನೇಳು ಶಾಸಕರು ಅನರ್ಹಗೊಂಡು ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ. ಅದರಲ್ಲಿ ಕೃಷ್ಣರಾಜಪೇಟೆಯೂ ಒಂದು. ಸರ್ಕಾರ ಉಳಿಯಲು ಯಡಿಯೂರಪ್ಪನವರಿಗೆ ಕನಿಷ್ಠ ಆರು ಬೇಕಿತ್ತು. ಮಂಡ್ಯ ಜಿಲ್ಲೆಯಲ್ಲಿ ಅವರ ಪಕ್ಷ ಅಲ್ಲಿಯವರೆಗೆ ಒಂದು ವಿಧಾನಸಭಾ ಸ್ಥಾನವನ್ನೂ ಗೆದ್ದಿರಲಿಲ್ಲ. ಹಿಂದಿನವರ ಜಾತಕ ನೋಡಿದರೆ ಸೋಲು ಖಚಿತ. ಆದರೆ ಊರಿನ ಮಗ ಮುಖ್ಯಮಂತ್ರಿ, ಅವನ ಕುರ್ಚಿ ನಮ್ಮ ಕೈಯಲ್ಲಿ ಎಂಬುದು ಯಾವ ಹಳೆಯ ಲೆಕ್ಕದಲ್ಲೂ ಇರಲಿಲ್ಲ. 5ನೇ ತಾರೀಖು ಮತದಾನ, 9ಕ್ಕೆ ಎಣಿಕೆ. ಅನರ್ಹಗೊಂಡಿದ್ದ ನಾರಾಯಣಗೌಡರು ಹೊಸ ಪಕ್ಷದಿಂದ 9 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಒಟ್ಟು ಹದಿನೈದರಲ್ಲಿ ಹನ್ನೆರಡು ಬಂದು ಸರ್ಕಾರ ಗಟ್ಟಿಯಾಯಿತು. ಇನ್ನು ಅವಧಿ ಪೂರ್ತಿ ಎಂದು ಎಣಿಕೆಯವರು ಬರೆದರು.

ಮುಂದಿನ ಯುಗಾದಿ 2020ರ ಮಾರ್ಚ್ 25, ಬುಧವಾರ. ಶಾರ್ವರಿ ಸಂವತ್ಸರಕ್ಕೆ ಬುಧ ರಾಜ, ಚಂದ್ರ ಮಂತ್ರಿ. ಪಂಚಾಂಗಗಳು ತಿಂಗಳುಗಳ ಹಿಂದೆಯೇ ಅಚ್ಚಾಗಿ ಮನೆ ಸೇರಿದ್ದವು. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ ದೂರದರ್ಶನದಲ್ಲಿ ಬಂದು ಹೇಳಿದ ಲಾಕ್‌ಡೌನ್‌ನ ಮೊದಲ ದಿನವೇ ಯುಗಾದಿ. ದೇವಸ್ಥಾನದ ಬಾಗಿಲು ಮುಚ್ಚಿತ್ತು, ಜಗುಲಿಯಲ್ಲಿ ಜನ ಸೇರುವಂತಿರಲಿಲ್ಲ. ಆ ವರ್ಷದ ರಾಜನ ಫಲವನ್ನು ಮನೆಯೊಳಗೇ ಓದಿಕೊಂಡವರು ಓದಿಕೊಂಡರು.

ಬಹುಮತವಿದ್ದೂ, ಪಕ್ಷದೊಳಗೆ ಎಪ್ಪತ್ತೈದರ ವಯಸ್ಸಿನ ಮಾತು ಬಂದಿತ್ತು, ದೆಹಲಿಯ ಮನಸ್ಸು ಬದಲಾಗಿತ್ತು. ಯಡಿಯೂರಪ್ಪನವರು ಸರ್ಕಾರದ ಎರಡು ವರ್ಷದ ಸಮಾರಂಭದಲ್ಲೇ ರಾಜೀನಾಮೆ ಪ್ರಕಟಿಸಿದರು. ಅಂದು 2021ರ ಜುಲೈ 26, ಮತ್ತೆ ಆಷಾಢದ ಕೃಷ್ಣಪಕ್ಷ.