ಪೇಂಟ್ ರಿಮೂವರ್ ಫಲ ನೀಡದಿದ್ದಾಗ

ಹಳೆಯ ತೇಗ, ಬೀಟೆ ಪೀಠೋಪಕರಣಗಳನ್ನು ನವೀಕರಿಸುವ ಉದ್ಯಮಿಗಳ ಲೆಕ್ಕಪತ್ರಗಳಲ್ಲಿ ನಾನು ಗಮನಿಸಿರುವಂತೆ, ನಷ್ಟವು ರಿಮೂವರ್ ಡಬ್ಬಿಯ ಬೆಲೆಗಿಂತ ಕೆಲಸವನ್ನು ಪುನಃ ಮಾಡಿಸುವ ಕೂಲಿಯಿಂದಲೇ ಹೆಚ್ಚು. ಆದುದರಿಂದ ಎರಡನೆಯ ಡಬ್ಬಿ ತೆರೆಯುವ ಮುನ್ನ ಕಾರಣವನ್ನು ಶೋಧಿಸುವುದು ಲೇಸು.

ಮೊದಲು ಕಣ್ಣಿಗೆ ಬೀಳದ ಭಾಗವನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಉಜ್ಜಬೇಕು. ಲೇಪನವು ಮೆತ್ತಗಾಗಿ ಅಂಟಿದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಅದನ್ನು ತೆಗೆಯಲು ಸ್ಪಿರಿಟ್ಟೇ ಸಾಕು.

ಪೇಂಟಿನ ಮೇಲೆ ಬಳಿದ ರಿಮೂವರ್ ಬೇಗನೆ ಒಣಗಿದರೆ, ಗಾಳಿಯಾಡುವ ನೆರಳಿನಲ್ಲಿ ದಪ್ಪವಾಗಿ ಬಳಿದು ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು. ಮೇಲ್ಪದರ ಮಾತ್ರ ಎದ್ದರೆ ಅದನ್ನು ಕೆರೆದು ಪುನಃ ಬಳಿಯಬೇಕು. ಹೊಸ ಪಾಲಿಶ್ ಒಣಗದಿದ್ದರೆ ರಿಮೂವರಿನ ಮೇಣ ಉಳಿದಿರುವ ಸಂಭವವುಂಟು. ಡಬ್ಬಿಯ ಸೂಚನೆಯಂತೆ ಒರೆಸಿ ಪೂರ್ಣವಾಗಿ ಒಣಗಿಸಬೇಕು. ಕಾಸ್ಟಿಕ್ ಸೋಡಾ ಅಗ್ಗವಾದರೂ ತೇಗವನ್ನು ಕಪ್ಪಾಗಿಸುತ್ತದೆ.

ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಎಂದಿದ್ದರೆ ವಿಶೇಷ ಎಚ್ಚರಿಕೆ ಅಗತ್ಯ. ಗಾಳಿಗಿಂತ ಭಾರವಾದ ಅದರ ಆವಿಯು ಮುಚ್ಚಿದ ಕೋಣೆಯಲ್ಲಿ ಪ್ರಾಣಾಂತಕ. ಗ್ರಾಹಕರಿಗೆ ಮಾರುವ ಇಂತಹ ರಿಮೂವರ್‌ಗಳನ್ನು ಅಮೆರಿಕವು 2019ರಲ್ಲಿಯೇ ನಿಷೇಧಿಸಿತು.

ಪರೀಕ್ಷೆಗೆ ತಗಲುವ ಅರ್ಧ ಗಂಟೆಯ ಕೂಲಿಯನ್ನು ಅಂದಾಜುಪಟ್ಟಿಯಲ್ಲಿ ಸೇರಿಸಿರಿ. ಕೆಲಸಗಾರನ ಜೀವಕ್ಕೆ ಮಾತ್ರ ಯಾವ ಲೆಕ್ಕಪತ್ರದಲ್ಲಿಯೂ ಬೆಲೆ ನಮೂದಿಸಲಾಗದು.