ಉಪಗ್ರಹಚಿತ್ರಗಳಲ್ಲಿ ನೆಲೆ ತಪ್ಪುವ ಬಗೆ

ಇತಿಹಾಸದ ಅಧ್ಯಾಪಕರಿಗೆ ಗಣಕಯಂತ್ರದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಹಂಪೆಯ ಗೋಪುರಗಳನ್ನಾಗಲಿ ಸಂಡೂರಿನ ಗಣಿಕುಳಿಗಳನ್ನಾಗಲಿ ಚಿತ್ರಗಳಲ್ಲಿ ತಾನಾಗಿ ಗುರುತಿಸಬಲ್ಲ ಯಂತ್ರದೃಷ್ಟಿಯ ಪ್ರೋಗ್ರಾಂಗಳು ಇಂದು ನಮ್ಮ ಕೈಗೂ ಎಟಕುತ್ತವೆ. ಅವು ಕೊಡುವ ಉತ್ತರವೆಂದರೆ ಕೆಲವು ಅಂಕಿಗಳು ಮಾತ್ರ. ಆ ಅಂಕಿಗಳನ್ನು ಎಲ್ಲಿಂದ ಎಣಿಸಿದೆ, ಯಾವ ಕ್ರಮದಲ್ಲಿ ಬರೆದಿದೆ ಎಂದು ವಿಚಾರಿಸದೆ ಒಪ್ಪುವುದು, ಕಾಲವನ್ನು ಪರಿಶೀಲಿಸದ ಶಾಸನವನ್ನು ಆಧಾರವಾಗಿ ಹಿಡಿದಂತೆಯೇ ಸರಿ.

ಶಾಲೆಯ ಗಣಿತದಲ್ಲಿ ಬಿಂದುವಿನ ಅಡ್ಡದೂರವನ್ನು ಮೊದಲು ಹೇಳಿ, ಎತ್ತರವನ್ನು ಕೆಳಗಿನಿಂದ ಮೇಲಕ್ಕೆ ಅಳೆಯುತ್ತೇವೆ. ಗಣಕದ ಚಿತ್ರವಾದರೋ ಪಿಕ್ಸೆಲ್‌ಗಳ ಒಂದು ಕೋಷ್ಟಕ. ಎಣಿಕೆಯು ಎಡಭಾಗದ ಮೇಲ್ಮೂಲೆಯಲ್ಲಿ ಸೊನ್ನೆಯಿಂದ ಆರಂಭವಾಗಿ ಕೆಳಗಿಳಿಯುತ್ತದೆ. ಪೈಥಾನ್ ಭಾಷೆಯ ನಂಪೈ ಕೋಷ್ಟಕಕ್ಕೆ ಅಡ್ಡಸಾಲಿನ ಸಂಖ್ಯೆ ಮೊದಲು ಬೇಕು, ಕಂಬಸಾಲಿನದು ಅನಂತರ. ಅದೇ ಚಿತ್ರದ ಮೇಲೆ ಓಪನ್‌ಸಿವಿಯಿಂದ ಗೆರೆ ಎಳೆಯುವಾಗ ಕಂಬಸಾಲೇ ಮೊದಲು. ಒಂದೇ ಪ್ರೋಗ್ರಾಂನಲ್ಲಿ ಈ ಎರಡು ವಾಡಿಕೆಗಳೂ ನೆರೆಹೊರೆಯಾಗಿರುವುದರಿಂದ ಅದಲುಬದಲು ಸುಲಭವಾಗಿ ಸಂಭವಿಸುತ್ತದೆ.

ಅಗಲ 4000, ಎತ್ತರ 3000 ಪಿಕ್ಸೆಲ್‌ಗಳ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ಕಂಬಸಾಲು 3500, ಅಡ್ಡಸಾಲು 1200ರಲ್ಲಿರುವ ಬಿಂದುವನ್ನು ತಿರುವುಮುರುವಾಗಿ ಕೇಳಿದರೆ, 3500ನೆಯ ಅಡ್ಡಸಾಲೇ ಇಲ್ಲವಾದುದರಿಂದ ಪ್ರೋಗ್ರಾಂ ದೋಷವನ್ನು ಸಾರಿ ನಿಲ್ಲುತ್ತದೆ. ಕಂಬಸಾಲು 1200, ಅಡ್ಡಸಾಲು 900 ಆಗಿದ್ದರೆ ಮಾತ್ರ ಯಾವ ದೂರೂ ಇಲ್ಲದೆ ಬೇರೊಂದು ಬಿಂದುವನ್ನು ತಂದೊಪ್ಪಿಸುತ್ತದೆ! ಅಂಕಿ ಋಣವಾದರೂ ಪೈಥಾನ್ ತಡೆಯದು. ಕೊನೆಯಿಂದ ಹಿಂದಕ್ಕೆ ಎಣಿಸುತ್ತದೆ. ಚೌಕಾಕಾರದ ಚಿತ್ರದಲ್ಲಂತೂ ಅದಲುಬದಲಾದ ಅಂಕಿಗಳು ಎಂದೂ ಮೇರೆ ಮೀರವು.

ನಾವು ಎಡವಿದುದು ಇಂತಹ ಚಿತ್ರದಲ್ಲಿಯೇ. ಹೊಸಪೇಟೆಯು ನಡುವೆ ಬರುವಂತೆ ಕತ್ತರಿಸಿದ, ಉತ್ತರವು ಮೇಲಿರುವ ಚೌಕವಾದ ಉಪಗ್ರಹಚಿತ್ರವದು. ಪರೀಕ್ಷೆಗೆಂದು ಸಂಡೂರಿನ ನೆಲೆಯನ್ನು ಗುರುತಿಸಿದೆವು; ಗುರುತು ಹೆಚ್ಚುಕಡಮೆ ಸರಿಯಾಗಿಯೇ ಬಿದ್ದಿತು. ಸಂತೋಷದಿಂದ ಮುಂದುವರಿದೆವು. ಕೆಲವು ದಿನಗಳ ಮೇಲೆ ಹಂಪೆಯನ್ನು ಗುರುತಿಸಲಾಗಿ, ಅದು ಹೊಸಪೇಟೆಯ ಈಶಾನ್ಯಕ್ಕಿರುವುದನ್ನು ಬಿಟ್ಟು ನೈಋತ್ಯಕ್ಕೆ ಹೋಗಿ ಕುಳಿತಿತು. ಕಂಪ್ಲಿಯೂ ಅದನ್ನೇ ಹಿಂಬಾಲಿಸಿತು. ಕಾರಣ ಸರಳವಾದುದು. ಅಡ್ಡಸಾಲು ಕಂಬಸಾಲುಗಳು ಅದಲುಬದಲಾದಾಗ ಚಿತ್ರವು ವಾಯವ್ಯ ಮೂಲೆಯಿಂದ ಆಗ್ನೇಯ ಮೂಲೆಗೆ ಹೋಗುವ ಕರ್ಣದ ಸುತ್ತ ಮಗುಚಿಕೊಳ್ಳುತ್ತದೆ. ಸಂಡೂರು ಹೊಸಪೇಟೆಯ ಆಗ್ನೇಯದಲ್ಲಿ, ಬಹುಮಟ್ಟಿಗೆ ಆ ಕರ್ಣದ ಮೇಲೆಯೇ ಇದೆ. ಆದುದರಿಂದ ಅದು ಕದಲಲಿಲ್ಲ.

ಅಕ್ಷಾಂಶ ರೇಖಾಂಶಗಳ ಅದಲುಬದಲಿನಲ್ಲಿ ಸ್ಥಿತಿ ವಿಪರೀತ. ಅಲ್ಲಿ ಎತ್ತರವನ್ನು ದಕ್ಷಿಣದಿಂದ ಉತ್ತರಕ್ಕೆ ಎಣಿಸುವುದರಿಂದ ಮಗುಚುವ ಕರ್ಣವೂ ಬೇರೆ. ಹೊಸಪೇಟೆಯಿಂದ ಅಳೆದ ದೂರಗಳು ತಿರುಗುಮುರುಗಾದರೆ ಹಂಪೆ ಅಲ್ಲಿಯೇ ನಿಂತು ಸಂಡೂರು ವಾಯವ್ಯಕ್ಕೆ ಹಾರುತ್ತದೆ. ಪರೀಕ್ಷೆಗೆ ಒಂದು ಊರು ಸಾಲದೆಂಬುದನ್ನು ನಾವು ಹೀಗೆ ಕಲಿತೆವು. ಪೂರ್ಣ ಅಂಕಿಗಳೇ ಅದಲುಬದಲಾದರೆ ಗುರುತಿಸುವುದು ಕಷ್ಟವಲ್ಲ: ಹಂಪೆಯ ಅಕ್ಷಾಂಶ 15.33, ರೇಖಾಂಶ 76.46, ಜಿಯೋಜೇಸನ್ ಕಡತದಲ್ಲಿ ರೇಖಾಂಶವನ್ನು ಮೊದಲು ಬರೆಯಬೇಕೆಂಬುದನ್ನು ಮರೆತರೆ ವಿರೂಪಾಕ್ಷನ ಗುಡಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ, ಉತ್ತರದ ಹಿಮಸಮುದ್ರದಲ್ಲಿ ತೇಲುತ್ತದೆ.

ಮತ್ತೊಂದು ದೋಷವು ಚಿತ್ರವನ್ನು ಕುಗ್ಗಿಸುವಲ್ಲಿ ಹುಟ್ಟುತ್ತದೆ. ಮೇಲೆ ಹೇಳಿದ 4000ಕ್ಕೆ 3000ದ ಚಿತ್ರವನ್ನು 640ರ ಚೌಕಕ್ಕೆ ಅಳವಡಿಸಿದರೆ ಎತ್ತರ 480 ಆಗಿ, ಮೇಲೂ ಕೆಳಗೂ 80 ಪಿಕ್ಸೆಲ್‌ಗಳ ಖಾಲಿ ಪಟ್ಟಿ ಸೇರುತ್ತದೆ. ಉತ್ತರವನ್ನು ಮೂಲಚಿತ್ರಕ್ಕೆ ಮರಳಿಸುವಾಗ ಮೊದಲು 80ನ್ನು ಕಳೆದು, ಅನಂತರ 0.16ರಿಂದ ಭಾಗಿಸಬೇಕು. ಕಳೆಯಲು ಮರೆತರೆ ಎಲ್ಲ ಗುರುತುಗಳೂ 500 ಪಿಕ್ಸೆಲ್‌ಗಳಷ್ಟು ಕೆಳಗಿಳಿದು, ಗೋಪುರದ ಕಳಶಕ್ಕೆ ಹಾಕಿದ ಚೌಕ ನಡುವಣ ಅಂತಸ್ತಿನ ಮೇಲೆ ಬೀಳಬಹುದು.

ಸಂಡೂರಿನಲ್ಲಿ ಇಂತಹ ತಪ್ಪು ಬರಿಯ ಅಂದಗೇಡಲ್ಲ. 2011ರಲ್ಲಿ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆಹಿಡಿದ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಕುಳಿಗಳೂ ಮಣ್ಣಿನ ರಾಶಿಗಳೂ ಗುತ್ತಿಗೆಯ ಎಲ್ಲೆಯನ್ನು ಎಷ್ಟು ಮೀರಿವೆ ಎಂಬುದೇ ಆ ವರ್ಗೀಕರಣದ ಮುಖ್ಯ ಆಧಾರವಾಗಿತ್ತು. ಕುಳಿಗಳಿಗೆ ಗುತ್ತಿಗೆ ವಿಸ್ತೀರ್ಣದ ಶೇಕಡ 10, ರಾಶಿಗಳಿಗೆ ಶೇಕಡ 15 ಎಂಬ ಮಿತಿಗಳಿದ್ದವು. ಸೆಂಟಿನೆಲ್-2 ಉಪಗ್ರಹದ ಅತಿ ಸೂಕ್ಷ್ಮ ಚಿತ್ರದಲ್ಲಿ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್. ಅಂಕಿಯು ಪಿಕ್ಸೆಲ್ಲಿನ ಮೂಲೆಯದೋ ನಡುವಿನದೋ ಎಂದು ಗಮನಿಸದಿದ್ದರೆ ಇಡೀ ಕುಳಿ ಎರಡು ದಿಕ್ಕುಗಳಲ್ಲಿಯೂ 5 ಮೀಟರ್ ಸರಿಯುತ್ತದೆ, ವಿಸ್ತೀರ್ಣ ಮಾತ್ರ ಬದಲಾಗದು. ಆದುದರಿಂದ ಮೊತ್ತವನ್ನು ತಾಳೆ ನೋಡಿದರೂ ದೋಷ ಸಿಕ್ಕುವುದಿಲ್ಲ. ಹಂಪೆ, ಕಂಪ್ಲಿ, ಸಂಡೂರು ಮೂರೂ ತಮ್ಮ ತಮ್ಮ ನೆಲೆಗೆ ಬಂದ ಮೇಲೆ, ನಾವು ಕುಳಿಗಳ ನಕ್ಷೆಯನ್ನು ಮೊದಲಿನಿಂದ ಮತ್ತೆ ತಯಾರಿಸಿದೆವು.