ಕುರಿಹಿಂಡಿನ ಕಾವಲಿಗೆ ಸಾವಿಲ್ಲದ ಜೀವಕೋಶ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳಿಗೆ ಕುರಿಹಿಂಡೇ ಬ್ಯಾಂಕು. ಕಾಲೇಜು ಶುಲ್ಕ ಕಟ್ಟುವ ದಿನ ಬಂತೆಂದರೆ ನಾಲ್ಕು ಟಗರು ಸಂತೆಗೆ ಹೊರಡುತ್ತವೆ. ಈ ಬ್ಯಾಂಕನ್ನು ಕೆಲವೇ ದಿನಗಳಲ್ಲಿ ದಿವಾಳಿ ಎಬ್ಬಿಸಬಲ್ಲ ರೋಗವೊಂದಿದೆ: ಪಿ.ಪಿ.ಆರ್. ಜ್ವರ, ಮೂಗು-ಕಣ್ಣಿನ ಸೋರಿಕೆ, ಬಾಯಿಹುಣ್ಣು, ಭೇದಿ, ಕೊನೆಗೆ ನ್ಯುಮೋನಿಯಾ. ಮೇವು ಅರಸಿ ಊರೂರು ಅಲೆಯುವ ಹಿಂಡುಗಳಲ್ಲಿ ಇದು ಬೇಗ ಹಬ್ಬುತ್ತದೆ.

ಇದರ ವೈರಸ್ಸು ದನಗಳ ದೊಡ್ಡರೋಗದ ವೈರಸ್ಸಿಗೆ ಹತ್ತಿರದ ನೆಂಟ. ಎರಡರ ಲಕ್ಷಣಗಳೂ ಒಂದೇ ತೆರ. ಭಾರತದಲ್ಲಿ ಪಿ.ಪಿ.ಆರ್. ಮೊದಲು ಕಂಡದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಅದು ದೊಡ್ಡರೋಗವಲ್ಲ, ಬೇರೆಯದೇ ಎಂದು ಗುರುತಿಸಿ 1989ರಲ್ಲಿ ವರದಿ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಪ್ರಮುಖರು. ಆಗ ದೇಶ ದೊಡ್ಡರೋಗವನ್ನು ನಿರ್ಮೂಲ ಮಾಡಲು ಹೊರಟಿತ್ತು. ಕುರಿಯ ಕಾಯಿಲೆಯನ್ನು ತಪ್ಪಾಗಿ ದೊಡ್ಡರೋಗವೆಂದು ಬರೆದರೆ ಸುಳ್ಳು ಗಾಬರಿ, ದೊಡ್ಡರೋಗವನ್ನೇ ಪಿ.ಪಿ.ಆರ್. ಎಂದು ಬಿಟ್ಟರೆ ಅನಾಹುತ. ಇಬ್ಬರು ಅವಳಿಗಳನ್ನು ಬೇರೆ ಮಾಡಬಲ್ಲ ಕಣ್ಣು ಬೇಕಿತ್ತು.

ಆ ಕಣ್ಣೇ ಮೋನೋಕ್ಲೋನಲ್ ಪ್ರತಿಕಾಯ.

ರೋಗಾಣು ಒಳಹೊಕ್ಕರೆ ದೇಹದ ಬಿ-ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಒಂದು ಬಿ-ಕೋಶಕ್ಕೆ ಗೊತ್ತಿರುವುದು ಒಂದೇ ಬಗೆಯ ಪ್ರತಿಕಾಯ. ರಕ್ತದಲ್ಲಿ ಇವೆಲ್ಲ ಸಂತೆಯಂತೆ ಕಲಸಿರುತ್ತವೆ. ಬೇಕಾದ ಕೋಶವೊಂದನ್ನೇ ಹೊರತೆಗೆದು ಬೆಳೆಸೋಣವೆಂದರೆ ಗಾಜಿನ ತಟ್ಟೆಯಲ್ಲಿ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಕ್ಯಾನ್ಸರ್ ಕೋಶಕ್ಕಾದರೋ ಸಾವೇ ಇಲ್ಲ, ಆದರೆ ನಮಗೆ ಬೇಕಾದ ಪ್ರತಿಕಾಯ ಅದರಲ್ಲಿಲ್ಲ. 1975ರಲ್ಲಿ ಕೇಂಬ್ರಿಜ್‌ನ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜಸ್ ಕೋಲರ್ ಎರಡನ್ನೂ ಬೆಸೆದರು. ಹುಟ್ಟಿದ ಮಿಶ್ರಕೋಶಕ್ಕೆ ಹೈಬ್ರಿಡೋಮಾ ಎಂದು ಹೆಸರು. ಇಬ್ಬರಿಗೂ 1984ರಲ್ಲಿ ನೊಬೆಲ್ ಬಂತು. (ಪೇಟೆಂಟ್ ಮಾತ್ರ ಅವರಿಬ್ಬರೂ ಪಡೆಯಲಿಲ್ಲ!)

ಕೆಲಸದ ಬಗೆ ಹೀಗೆ. ಸತ್ತ ವೈರಸ್ಸನ್ನೋ ಅದರ ಒಂದು ಪ್ರೋಟೀನನ್ನೋ ಇಲಿಗೆ ಚುಚ್ಚಿ, ಕೆಲವು ವಾರಗಳ ಬಳಿಕ ಅದರ ಗುಲ್ಮದಿಂದ ಬಿ-ಕೋಶಗಳನ್ನು ತೆಗೆಯುತ್ತಾರೆ. ಅವನ್ನು ಕ್ಯಾನ್ಸರ್ ಕೋಶಗಳ ಜತೆ ಬೆಸೆಯುತ್ತಾರೆ. ಎಲ್ಲವೂ ಬೆಸೆಯುವುದಿಲ್ಲ. ಆದ್ದರಿಂದ ಹ್ಯಾಟ್ ಎಂಬ ಪೋಷಕ ದ್ರವದಲ್ಲಿ ಬೆಳೆಸುತ್ತಾರೆ. ಬೆಸೆಯದ ಕ್ಯಾನ್ಸರ್ ಕೋಶಗಳನ್ನು ಈ ದ್ರವ ಸಾಯಿಸುತ್ತದೆ, ಒಂಟಿ ಬಿ-ಕೋಶಗಳು ತಾವಾಗಿಯೇ ಸಾಯುತ್ತವೆ, ಉಳಿಯುವುದು ಮಿಶ್ರಕೋಶ ಮಾತ್ರ. ಆಮೇಲೆ 96 ಗುಳಿಗಳ ತಟ್ಟೆಯಲ್ಲಿ ಗುಳಿಗೊಂದೇ ಕೋಶ ಬೀಳುವಂತೆ ದ್ರಾವಣವನ್ನು ತೆಳುವಾಗಿಸಿ ಹಂಚುತ್ತಾರೆ. ಬೆಚ್ಚಗಿನ 37 ಡಿಗ್ರಿಯಲ್ಲಿ ದಿನಗಟ್ಟಲೆ ಕಾಯಬೇಕು. ಬೂಷ್ಟು, ಬ್ಯಾಕ್ಟೀರಿಯಾ ಒಂದು ಹೊಕ್ಕರೆ ಅಷ್ಟೂ ಶ್ರಮ ನೀರುಪಾಲು. ಗೆದ್ದ ಕೋಶದ ಸಂತತಿಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟರೆ ವರ್ಷಗಳ ನಂತರವೂ ಎಬ್ಬಿಸಬಹುದು.

ಉತ್ತರಾಖಂಡದ ಮುಕ್ತೇಶ್ವರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಘಟಕ ಇಂಥ ಪ್ರತಿಕಾಯಗಳಿಂದಲೇ ಪಿ.ಪಿ.ಆರ್. ಪರೀಕ್ಷಾ ಕಿಟ್‌ಗಳನ್ನು ಸಿದ್ಧಪಡಿಸಿತು. ಒಂದು ಕಿಟ್ ಮೂಗಿನ ಸೋರಿಕೆಯಲ್ಲಿ ವೈರಸ್ಸನ್ನೇ ಹಿಡಿಯುತ್ತದೆ. ಇನ್ನೊಂದು ರಕ್ತಸಾರ ನೋಡುವುದು: ಕುರಿಯಲ್ಲಿ ಪ್ರತಿಕಾಯ ಇದ್ದರೆ ಅದು ಕಿಟ್‌ನ ಪ್ರತಿಕಾಯಕ್ಕೆ ಜಾಗ ಬಿಡದು, ಗುಳಿಯಲ್ಲಿ ಬಣ್ಣ ಮಸುಕು. ಬಣ್ಣ ಗಾಢವಾದರೆ ಕುರಿಗೆ ರಕ್ಷಣೆ ಇಲ್ಲವೆಂದೇ ಅರ್ಥ. ಯಲಹಂಕದ ನಿವೇದಿ ಸಂಸ್ಥೆ ಪಿ.ಪಿ.ಆರ್. ಸಮೀಕ್ಷೆಗೆ ಬಳಸುವುದು ಇಂಥ ಕಿಟ್‌ಗಳನ್ನೇ.

ಭಾರತ 2006ರಲ್ಲಿ ದೊಡ್ಡರೋಗದಿಂದ ಮುಕ್ತವಾಯಿತು, ಜಗತ್ತು 2011ರಲ್ಲಿ. 2030ರೊಳಗೆ ಪಿ.ಪಿ.ಆರ್. ಕೂಡ ಹೋಗಬೇಕೆಂಬುದು ಅಂತರರಾಷ್ಟ್ರೀಯ ಗುರಿ. ಅದಕ್ಕೆ ಒಳ್ಳೆಯ ಲಸಿಕೆ ಈಗಾಗಲೇ ಇದೆ. ಕಿಟ್‌ಗೆ ಒಂದು ಮಿತಿಯೂ ಇದೆ. ಕುರಿಯ ಪ್ರತಿಕಾಯ ಲಸಿಕೆಯಿಂದ ಬಂದದ್ದೋ ರೋಗದಿಂದಲೋ ಎಂದು ಅದು ಹೇಳಲಾರದು. ಹಾಗಾಗಿ ರಕ್ತ ತೆಗೆಯುವವರು ಲಸಿಕೆ ಹಾಕಿಸಿದ ತಿಂಗಳು ಯಾವುದೆಂದು ಕುರಿಗಾರರನ್ನು ಕೇಳಿ ಬರೆದುಕೊಳ್ಳಬೇಕಾಗುತ್ತದೆ.